ಹೆಬ್ಬಾಳದ ಹಳೆಯ ಕಾಗದಗಳು ಎಲ್ಲೆಲ್ಲಿವೆ? ಹುಡುಕಿ ಬಲ್ಲವರ ಅನುಭವಗಳು

ಪ್ರಶ್ನೆ: ಹೆಬ್ಬಾಳ ಕೆಂಪಾಪುರದಿಂದ

ನಮ್ಮ ಬಡಾವಣೆಯ ನಿವಾಸಿಗಳ ಸಂಘ ಹೆಬ್ಬಾಳದ ಕೆರೆ ಮತ್ತು ಊರಿನ ಬಗ್ಗೆ ಪುಟ್ಟ ಪುಸ್ತಕವೊಂದನ್ನು ತರಲು ಹೊರಟಿದೆ. ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಜಾಲದಲ್ಲಿ ಹುಡುಕಿದರೆ ಎಲ್ಲ ಕಡೆಯೂ ಅವೇ ನಾಲ್ಕು ಸಾಲು: 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಕೆರೆ, ಆಗ ತಿಳಿನೀರು, ಈಗ ಮೇಲ್ಸೇತುವೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಇಳಿಸಿಕೊಂಡಿದ್ದಾರೆಯೇ ಹೊರತು ಮೂಲ ಯಾವುದೆಂದು ಯಾರೂ ಹೇಳುವುದಿಲ್ಲ. ನಾನು ಬ್ಯಾಂಕ್ ಉದ್ಯೋಗಿ. ವಿಶ್ವವಿದ್ಯಾಲಯದ ಗುರುತಿನ ಚೀಟಿ ಇಲ್ಲ, ಕಚೇರಿಯಿಂದ ಕಚೇರಿಗೆ ಅಲೆಯುವಷ್ಟು ರಜೆಯೂ ಇಲ್ಲ. ಮನೆಯಲ್ಲಿ ಕುಳಿತೇ ಓದಬಹುದಾದ ಹಳೆಯ ದಾಖಲೆಗಳು, ಸಂಶೋಧನ ಬರಹಗಳು ಎಲ್ಲಿವೆ? ಯಾವುದಕ್ಕೆ ಖುದ್ದಾಗಿ ಹೋಗಲೇಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮಲ್ಲೇಶ್ವರದ ನಿವೃತ್ತ ಗ್ರಂಥಪಾಲಕರು

ಮೇಡಂ, ಯಾವ ಜಾಲತಾಣ ಎಂದು ಕೇಳುವುದಕ್ಕಿಂತ ಮೊದಲು, ಹೆಬ್ಬಾಳದ ವಿಷಯವನ್ನು ಬರೆದಿಡುವ ಅಗತ್ಯ ಯಾರಿಗೆ ಬಿದ್ದಿತ್ತು ಎಂದು ಯೋಚಿಸಿ. ಕಾಳಗದಲ್ಲಿ ಸತ್ತವನ ಕಡೆಯವರು ಕಲ್ಲಿನಲ್ಲಿ ಕೆತ್ತಿಸಿದರು. ಕಂದಾಯದವರು ಲೆಕ್ಕ ಬರೆದರು. ಎಂಜಿನಿಯರರು ಕೆರೆಯ ಏರಿ, ತೂಬುಗಳ ವರದಿ ಬರೆದರು. ಒಬ್ಬೊಬ್ಬರ ಬರಹ ಒಂದೊಂದು ದಿಕ್ಕಿಗೆ ಹೋಗಿ ಸೇರಿದೆ. ಬರೆದವರು ಯಾರೆಂದು ತಿಳಿದರೆ ಅದನ್ನು ಇಟ್ಟುಕೊಂಡವರು ಯಾರೆಂಬುದೂ ಅರ್ಧ ತಿಳಿದಂತೆ.

ಶಾಸನಗಳಿಂದ ಆರಂಭಿಸಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಅಚ್ಚಾದದ್ದು. ಇಂಟರ್ನೆಟ್ ಆರ್ಕೈವ್ ಎಂಬ ಜಾಲಭಂಡಾರದಲ್ಲಿ ಉಚಿತವಾಗಿದೆ. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇವೆ, ತಾಲ್ಲೂಕುವಾರು ಸಂಖ್ಯೆ ಹಾಕಲಾಗಿದೆ. ಆದರೆ ಒಳಗೆ ಹುಡುಕುವ ಪೆಟ್ಟಿಗೆಯನ್ನು ನಂಬಬೇಡಿ. ರೈಸ್ ಅವರು ಊರ ಹೆಸರುಗಳ ಮೇಲೆ ಕೆಳಗೆ ಹಾಕಿರುವ ಚುಕ್ಕೆ, ಗೆರೆಗಳನ್ನು ಕಂಪ್ಯೂಟರ್ ಏನೇನೋ ಮಾಡಿ ಓದುತ್ತದೆ. ಬೆಂಗಳೂರು ತಾಲ್ಲೂಕಿನ ಪುಟಗಳನ್ನು ಕಣ್ಣಿನಿಂದಲೇ ಓದಿ, ಒಂದು ಭಾನುವಾರದ ಕೆಲಸ.

ಅದರಲ್ಲೇ ಎಲ್ಲವೂ ಇರುತ್ತದೆಂದು ಭಾವಿಸಬೇಡಿ. ನಿಮ್ಮ ಊರಿನ ಅತಿ ಮುಖ್ಯವಾದ ಕಲ್ಲು ರೈಸ್ ಅವರ ಕಣ್ಣಿಗೆ ಬೀಳಲೇ ಇಲ್ಲ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಅದರಲ್ಲಿ ಪೆರ್ಬೊಳಲ್‌ನಾಡು ಎಂದಿದೆ, ಹೆಬ್ಬಾಳದ ಹಳೆಯ ಹೆಸರು ಅದರಲ್ಲಿದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಕೈಗೆತ್ತಿಕೊಂಡಿದೆ. ಸವೆದ ಅಕ್ಷರಗಳು ಬರಿಗಣ್ಣಿಗಿಂತ ಅಲ್ಲಿ ಚೆನ್ನಾಗಿ ಕಾಣುತ್ತವೆ. 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಅವರ ತ್ರೈಮಾಸಿಕ ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ಬಿಡಬೇಡಿ.

1537ರ ಬಗ್ಗೆ ಒಂದು ಮಾತು. ಅದು ಕೆಂಪೇಗೌಡರು ಬೆಂಗಳೂರು ಕಟ್ಟಿದ ವರ್ಷವೆಂದು ಸಾಮಾನ್ಯವಾಗಿ ಹೇಳುವ ಇಸವಿ. ಅದೇ ನಿಮ್ಮ ಕೆರೆಗೂ ಅಂಟಿಕೊಂಡಿತೇ ಎಂಬುದು ನನ್ನ ಅನುಮಾನ. ಹಾಗೆಂದು ಕಿತ್ತಯ್ಯನ ಕಲ್ಲನ್ನು ತೋರಿಸಿ ಕೆರೆಯೂ ಗಂಗರ ಕಾಲದ್ದೆಂದು ಬರೆದುಬಿಡಬೇಡಿ. ಆ ಕಲ್ಲು ನಾಡು ಹಳೆಯದೆನ್ನುತ್ತದೆ, ಕೆರೆಯ ವಯಸ್ಸನ್ನು ಹೇಳುವುದಿಲ್ಲ. ‘ಕೆಂಪೇಗೌಡರ ಕಾಲದ್ದೆಂದು ಪ್ರತೀತಿ’ ಎಂದು ಬರೆದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಯಲಹಂಕದಿಂದ, ಭೂಮಾಪನದ ಕೆಲಸ ಮಾಡುವವರು

ಕೆರೆ ಎಂದರೆ ನನ್ನ ಮಟ್ಟಿಗೆ ಒಂದು ಸರ್ವೆ ನಂಬರು. ಮೊದಲು ದಿಶಾಂಕ್ ಆ್ಯಪ್ ಹಾಕಿಕೊಂಡು ಕೆರೆಯ ದಂಡೆಯ ಮೇಲೆ ನಿಂತು ನೋಡಿ. ಯಾವ ಗ್ರಾಮ, ಯಾವ ಸರ್ವೆ ನಂಬರು ಎಂದು ತೋರಿಸುತ್ತದೆ. ಆಮೇಲೆ ಭೂಮಾಪನ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆಯನ್ನು ಇಳಿಸಿಕೊಳ್ಳಿ. ಕೆರೆಯ ಅಂಗಳ, ಹಳ್ಳ, ಕಾಲುವೆ, ಬಂಡಿದಾರಿ, ಗೋಮಾಳ ಎಲ್ಲ ಅದರಲ್ಲಿರುತ್ತವೆ. ಇವತ್ತಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಪುಸ್ತಕದ ಒಂದು ಅಧ್ಯಾಯ ತಾನಾಗಿಯೇ ಸಿದ್ಧವಾಗುತ್ತದೆ.

ಅದಕ್ಕಿಂತ ಆಳಕ್ಕೆ ಇಳಿಯಬೇಕಾದರೆ ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ಕೈನಕ್ಷೆ), ಕೈಬರಹದ ಪಹಣಿ ಬೇಕು. ಕಂಪ್ಯೂಟರ್ ಪಹಣಿ ಭೂಮಿ ಯೋಜನೆ ಬಂದ ಮೇಲಿನದು, ಹಿಂದಿನದೆಲ್ಲ ಕೈಬರಹ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಹಾಗಾಗಿ ಮುಂಚಿನಷ್ಟು ಅಲೆದಾಟ ಇಲ್ಲ. ಆದರೂ ನಿಮಗೆ ಬೇಕಾದ ಪುಟವೇ ಗೆದ್ದಲಿಗೂ ರುಚಿಸಿರುವುದುಂಟು. ಸಾಗುವಳಿಗೆ ಬಾರದ ನೆಲವನ್ನು ತೋರಿಸುವ ಖರಾಬು ಕಲಂ ಅನ್ನು ತಪ್ಪದೆ ಓದಿ. ‘ಬ’ ಖರಾಬು ಎಂದರೆ ಸಾರ್ವಜನಿಕ ಬಳಕೆಯ ನೆಲ, ಕೆರೆ, ಹಳ್ಳ, ದಾರಿಗಳ ಜಾತಕ ಅಲ್ಲಿದೆ.

ಜ್ಞಾನಭಾರತಿಯ ಸಂಶೋಧನ ವಿದ್ಯಾರ್ಥಿ

ಗುರುತಿನ ಚೀಟಿ ಇಲ್ಲದಿರುವುದು ಈಗ ದೊಡ್ಡ ತೊಡಕೇನಲ್ಲ ಮೇಡಂ. ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಲಕ್ಷಗಟ್ಟಲೆ ಇವೆ, ಖಾತೆಯೂ ಬೇಡ. ಅಧ್ಯಾಯಕ್ಕೊಂದು ಕಡತವಾಗಿ ಏರಿಸಿರುತ್ತಾರೆ. ನಾನು ಯಾವಾಗಲೂ ಗ್ರಂಥಸೂಚಿಯ ಕಡತವನ್ನೇ ಮೊದಲು ತೆರೆಯುತ್ತೇನೆ. ಬರೆದವರು ಪತ್ರಾಗಾರದ ಕಡತ ಸಂಖ್ಯೆಗಳನ್ನು ಕೊಟ್ಟಿದ್ದರೆ ಪ್ರಬಂಧ ಓದಲು ಯೋಗ್ಯ. ಬರೀ ಬೇರೆಯವರ ಪುಸ್ತಕಗಳ ಪಟ್ಟಿಯಿದ್ದರೆ ಮುಂದಕ್ಕೆ ಹೋಗುತ್ತೇನೆ. ಕಟುವಾದ ಮಾತೆನಿಸಬಹುದು, ಆದರೆ ಪ್ರಬಂಧಗಳ ಗುಣಮಟ್ಟದಲ್ಲಿ ಆನೆ ಆಡಿನ ವ್ಯತ್ಯಾಸವಿದೆ.

ವಿದ್ವತ್ ಪತ್ರಿಕೆಗಳ ಜಾಲಭಂಡಾರವಾದ ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ಪ್ರತಿ ತಿಂಗಳು ಒಂದಷ್ಟು ಲೇಖನಗಳನ್ನು ಪರದೆಯ ಮೇಲೆ ಓದಬಹುದು. ತೀರಾ ಹಳೆಯ ಲೇಖನಗಳಿಗೆ ಖಾತೆಯೂ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಶೋಧಗಂಗಾದಲ್ಲಿ ‘ಹೆಬ್ಬಾಳ ಕೆರೆ’ ಎಂದು ಕನ್ನಡದಲ್ಲಿ ಹುಡುಕಿದೆ, ಹೆಚ್ಚೇನೂ ಬರಲಿಲ್ಲ. ಬೇರೆ ದಾರಿ ಇದೆಯೇ?

ಮತ್ತೆ ಜ್ಞಾನಭಾರತಿಯಿಂದ

ಕನ್ನಡದಲ್ಲಿ ಬರೆದ ಪ್ರಬಂಧಗಳ ಶೀರ್ಷಿಕೆಯನ್ನೂ ಎಷ್ಟೋ ಸಲ ರೋಮನ್ ಅಕ್ಷರದಲ್ಲಿ ಹಾಕಿರುತ್ತಾರೆ, ಒಳಗಿನ ಪುಟಗಳು ಬರೀ ಚಿತ್ರಗಳು. ಆದ್ದರಿಂದ ಊರ ಹೆಸರು ಬಿಟ್ಟು ವಿಷಯ ಹಿಡಿಯಿರಿ: ಮೈಸೂರು ಸಂಸ್ಥಾನದ ನೀರಾವರಿ, ಬೆಂಗಳೂರಿನ ನಗರೀಕರಣ, ಹೀಗೆ. ಇಂಗ್ಲಿಷಿನಲ್ಲಿ ಹುಡುಕುವಾಗ ಲೇಕ್ ಎಂದು ಹಾಕಬೇಡಿ, ಹಳೆಯ ಸರ್ಕಾರಿ ಬರಹಗಳಲ್ಲಿ ನಮ್ಮ ಕೆರೆಗಳೆಲ್ಲ ಟ್ಯಾಂಕ್‌ಗಳೇ.

ಸಂಜಯನಗರದ ನಿವೃತ್ತ ಕೃಷಿ ಅಧಿಕಾರಿ

ಎಲ್ಲರೂ ಕೆರೆ ಕೆರೆ ಎನ್ನುತ್ತಿದ್ದೀರಿ, ಹೆಬ್ಬಾಳದ ಹೊಲವನ್ನು ಮರೆತಿರಲ್ಲ! 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 30 ಎಕರೆ ಕೊಟ್ಟು ಅಲ್ಲಿ ಪ್ರಾಯೋಗಿಕ ಕೃಷಿ ಕ್ಷೇತ್ರ ಆರಂಭಿಸಿದರು. ಮೊದಲು ಡಾ. ಲೆಹ್ಮನ್ ಮಣ್ಣು, ಬೆಳೆಗಳ ಪರೀಕ್ಷೆ ನಡೆಸಿದರು. ಅನಂತರ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗದ ಮೇಲೆ ಅವರು ಮಾಡಿದ ಕೆಲಸವನ್ನು ಇಂದಿಗೂ ಉಲ್ಲೇಖಿಸುತ್ತಾರೆ. 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. ನಿಮ್ಮ ಪುಸ್ತಕದಲ್ಲಿ ಇದು ಇಲ್ಲದಿದ್ದರೆ ಹೆಬ್ಬಾಳದ ಅರ್ಧ ಕತೆಯೇ ಇಲ್ಲ.

ಇದರ ಕಾಗದಗಳು ಶೋಧಗಂಗಾದಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ ಎಂಬ ಬೇರೆಯೇ ಭಂಡಾರವಿದೆ. ಹೆಬ್ಬಾಳದ ಮಣ್ಣು, ರಾಗಿ, ಕೆರೆಯ ನೀರಿನ ಮೇಲೆ ವಿದ್ಯಾರ್ಥಿಗಳು ದಶಕಗಳಿಂದ ಬರೆದದ್ದನ್ನು ಅಲ್ಲಿ ನೋಡಿ. ಸಂಸ್ಥಾನದ ಕಾಲದ ವರದಿಗಳಿಗೆ ಇಂಟರ್ನೆಟ್ ಆರ್ಕೈವ್. ಪಕ್ಷಿಗಳ ಬಗ್ಗೆ ಬರೆಯುವುದಿದ್ದರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆ 1886ರಿಂದ ಇದೆ.

ಯಶವಂತಪುರದಿಂದ, ವಿಜ್ಞಾನ ಬರಹಗಾರರು

ಕೆರೆಯ ಇತ್ತೀಚಿನ ಸ್ಥಿತಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಜೌಗುನೆಲ ಸಂಶೋಧನ ತಂಡದ ವರದಿಗಳು ಸಾಕಷ್ಟಿವೆ, ಎಲ್ಲವೂ ಉಚಿತ. ನೀರಿನ ಗುಣ, ಕಣಿವೆಯ ಇಳಿಜಾರು, ಒತ್ತುವರಿ, ಎಲ್ಲಕ್ಕೂ ಅಂಕಿ ಅಂಶಗಳಿವೆ. ನಿಮ್ಮ ಕೆರೆ ಒಂಟಿ ಕೆರೆಯಲ್ಲ ಎಂಬುದನ್ನು ಅವುಗಳಿಂದಲೇ ತಿಳಿಯಬಹುದು. ಕೋಡಿ ಹರಿದ ನೀರು ನಾಗವಾರದ ಕಡೆಗೆ ಹೋಗುತ್ತಿತ್ತು.

ವಿಷಯಕ್ಕೆ ನೇರ ಸಂಬಂಧವಿಲ್ಲ, ಆದರೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ವಿಜ್ಞಾನದ ದಾಖಲೆಗಳು ಇರುವಷ್ಟು ಸುಲಭವಾಗಿ ಬೇರೇನೂ ಸಿಗುವುದಿಲ್ಲ. ಭಾರತೀಯ ವಿಜ್ಞಾನ ಅಕಾಡೆಮಿ 1934ರಿಂದ ತಂದ ಪತ್ರಿಕೆಗಳು, ರಾಮನ್ ಸಂಶೋಧನ ಸಂಸ್ಥೆಯ ಡಿಜಿಟಲ್ ಭಂಡಾರ, ಕೋರಮಂಗಲದ ಖಭೌತ ಸಂಸ್ಥೆಯಲ್ಲಿರುವ ಕೊಡೈಕೆನಾಲ್ ವೀಕ್ಷಣಾಲಯದ ನೂರಕ್ಕೂ ಹೆಚ್ಚು ವರ್ಷಗಳ ಸೂರ್ಯನ ಚಿತ್ರಗಳು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಬಳಿಯ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ (ಎನ್‌ಸಿಬಿಎಸ್) 2019ರಿಂದ ಸಾರ್ವಜನಿಕರಿಗೂ ತೆರೆದ ಪತ್ರಾಗಾರವಿದೆ. ಅದು ನಿಮ್ಮ ಮನೆಗೆ ಹತ್ತಿರವೇ, ಒಮ್ಮೆ ಹೋಗಿ ಬನ್ನಿ.

ಬಸವನಗುಡಿಯ ಪುಸ್ತಕಪ್ರೇಮಿ

ಹಳೆಯ ಕನ್ನಡ ಪುಸ್ತಕಗಳ ವಿಷಯ ನನಗೆ ಬಿಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಶೀರ್ಷಿಕೆಗಳನ್ನು ಯಾರು ಟೈಪ್ ಮಾಡಿದರೋ ದೇವರೇ ಬಲ್ಲ. ದೀರ್ಘಕ್ಕೆ ಎರಡು ಎ, ಒಮ್ಮೆ ಒಂದು, ಒಮ್ಮೆ ಮಧ್ಯದ ಅಕ್ಷರವೇ ಮಾಯ. ಈ ಕಷ್ಟ ನೋಡಲಾಗದೆ ಕನ್ನಡದ ಸ್ವಯಂಸೇವಕರು ಪುಸ್ತಕ ಸಂಚಯ ಮಾಡಿದ್ದಾರೆ. ಕನ್ನಡ ಲಿಪಿಯಲ್ಲೇ ಹೆಸರು ಕೊಟ್ಟು ಹುಡುಕಬಹುದು. ಅದಲ್ಲದೆ ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಸಂಗ್ರಹಕ್ಕೆ ಬೆಂಗಳೂರಿನಲ್ಲೇ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಅಲ್ಲಿನ ಪುಟಗಳು ಬಹಳ ಸ್ವಚ್ಛ.

ಇಂಗ್ಲಿಷಿನಲ್ಲಿ ಓದಲೇಬೇಕಾದವು ಬುಕಾನನ್ ಅವರ ಮೂರು ಸಂಪುಟಗಳು, 1807ರವು. ಟಿಪ್ಪು ಮಡಿದ ಮರುವರ್ಷವೇ, 1800ರಲ್ಲಿ, ಆತ ಬೆಂಗಳೂರಿಗೆ ಬಂದು ಬೆಳೆ, ನೇಯ್ಗೆ, ಸುಂಕ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡ. ರೈಸ್ ಅವರ ಗೆಜೆಟಿಯರ್‌ನಲ್ಲಿ ಕೆರೆಗಳ ಬಗ್ಗೆ ಎಂಜಿನಿಯರ್ ಸ್ಯಾಂಕಿಯ ಮಾತು ಉಲ್ಲೇಖವಾಗಿದೆ: ಸಂಸ್ಥಾನದ ಸುಮಾರು ಶೇಕಡಾ 60ರಷ್ಟು ನೆಲವನ್ನು ಜನ ತಮ್ಮ ದುಡಿಮೆಯಿಂದ ಕೆರೆಗಳ ವ್ಯವಸ್ಥೆಯೊಳಗೆ ತಂದಿದ್ದಾರೆಂದು. ನಿಮ್ಮ ಪುಸ್ತಕದ ಮೊದಲ ಪುಟಕ್ಕೆ ಇದಕ್ಕಿಂತ ಒಳ್ಳೆಯ ಅಂಕಿ ಸಿಗಲಾರದು.

ಸಿಕ್ಕಿದ್ದನ್ನೆಲ್ಲ ತಕ್ಷಣ ಇಳಿಸಿಕೊಳ್ಳಿ, ಪುಟದ ವಿಳಾಸವನ್ನೂ ಬರೆದಿಡಿ. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ಸೈಬರ್ ದಾಳಿಯಾಗಿ ಅದು ಹಲವು ದಿನ ಮುಚ್ಚಿತ್ತು. ಆಗ ನನ್ನ ಬಳಿ ಇಳಿಸಿಟ್ಟುಕೊಂಡದ್ದೇ ಗತಿಯಾಯಿತು.

ಜಯನಗರದಿಂದ, ಇತಿಹಾಸದ ಅಧ್ಯಾಪಕಿ

ಬಸವನಗುಡಿಯವರ ಮಾತಿಗೆ ಸಣ್ಣ ತಕರಾರು. ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಮೇಲೆ ಬಂದವನು. ಯಾವ ನೆಲದಿಂದ ಏನು ಹುಟ್ಟುತ್ತದೆ ಎನ್ನುವುದೇ ಅವನ ಚಿಂತೆ. ಅವನು ಕೇಳದ ಪ್ರಶ್ನೆಗೆ ಅವನ ಪುಸ್ತಕದಲ್ಲಿ ಉತ್ತರವಿಲ್ಲ. ಕೆರೆಯ ಹೂಳು ಎತ್ತಿದವರು ಯಾರು, ಕೆರೆಯ ನೀರು ಹಂಚುವ ನೀರುಗಂಟಿಗೆ ಏನು ಕೊಡುತ್ತಿದ್ದರು ಎಂಬುದಕ್ಕೆ ಇನಾಂ (ಸೇವೆಗಾಗಿ ಕೊಟ್ಟ ಭೂಮಿಯ) ದಾಖಲೆಗಳನ್ನೇ ನೋಡಬೇಕು.

ಮಾಡಬೇಕಾದ ಪ್ರಯಾಣದ ಬಗ್ಗೆ ಕೇಳಿದ್ದೀರಿ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಆ ಕಾಲದ ಪತ್ರವ್ಯವಹಾರ, ರೆಸಿಡೆನ್ಸಿಯ (ಬ್ರಿಟಿಷ್ ಪ್ರತಿನಿಧಿಯ ಕಚೇರಿಯ) ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರ ಜಾಲತಾಣವಾದ ಅಭಿಲೇಖ ಪಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಮನೆಯಿಂದಲೇ ಹುಡುಕಬಹುದು. ಕೆಲವು ಕಡತಗಳು ಪೂರ್ತಿ ತೆರೆಯುತ್ತವೆ, ಕೆಲವಕ್ಕೆ ಶೀರ್ಷಿಕೆ ಮಾತ್ರ. ಶೀರ್ಷಿಕೆ ನೋಡಿ ಹಿಗ್ಗಬೇಡಿ; ಒಳಗೆ ಎರಡೇ ಹಾಳೆ ಇರುವುದೂ ಉಂಟು.

ಮೈಸೂರು ಸರ್ಕಾರದ ಸ್ವಂತ ಕಡತಗಳಿಗೆ ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗಲೇಬೇಕು. ನಿಮ್ಮ ಇರುವ ರಜೆಯನ್ನೆಲ್ಲ ಅದಕ್ಕೇ ಇಟ್ಟುಕೊಳ್ಳಿ. ಸಂಘದ ಲೆಟರ್‌ಹೆಡ್‌ನಲ್ಲಿ ವಿಷಯ ಮತ್ತು ಕಾಲಾವಧಿ ಸ್ಪಷ್ಟವಾಗಿ ಬರೆದ ಪತ್ರ, ಆಧಾರ್ ಪ್ರತಿ, ಪೆನ್ಸಿಲು ಇರಲಿ. ‘ಹೆಬ್ಬಾಳದ ಇತಿಹಾಸ’ ಎಂದು ಕೇಳಿದರೆ ಅಲ್ಲಿನ ಸಿಬ್ಬಂದಿಗೂ ಏನು ತರಬೇಕೆಂದು ತೋಚುವುದಿಲ್ಲ. ಲೋಕೋಪಯೋಗಿ, ಕಂದಾಯ, ಕೃಷಿ ಎಂದು ಇಲಾಖೆಯನ್ನೂ ಇಸವಿಯನ್ನೂ ಹೇಳಿ ಸೂಚಿಪಟ್ಟಿ ಕೇಳಿ. ಹೋಗುವ ಮುನ್ನ ಜನಗಣತಿ ಇಲಾಖೆಯ ಡಿಜಿಟಲ್ ಗ್ರಂಥಾಲಯದಲ್ಲಿ 1961ರ ಬೆಂಗಳೂರು ಜಿಲ್ಲಾ ಕೈಪಿಡಿಯನ್ನು ತೆರೆದು ಹೆಬ್ಬಾಳವನ್ನು ಯಾವ ಗ್ರಾಮಗಳ ಜೊತೆ ಎಣಿಸಿದ್ದಾರೆಂದು ಗುರುತು ಮಾಡಿಕೊಳ್ಳಿ. ಕಡತಗಳಲ್ಲಿ ನಿಮ್ಮ ಕೆರೆ ಪಕ್ಕದ ಹಳ್ಳಿಯ ಹೆಸರಿನಲ್ಲಿ ಅಡಗಿ ಕುಳಿತಿದ್ದರೂ ಆಗ ಸಿಗುತ್ತದೆ.