ಬ್ಯಾಸಿಗ್ಯಾಗ ವೆಲ್ಡಿಂಗ್: ಹೋಲ್ಡರ್ ಜುಮ್ ಅಂತದ, ಏನ್ ಮಾಡಬೇಕು?

ಪ್ರಶ್ನೆ (ಕಲಬುರಗಿ): ಕಪನೂರಿನ ತಗಡಿನ ಶೆಡ್. ಆರ್ಕ್ ಮಷಿನ್, ಆಕ್ಸಿಜನ್-ಅಸಿಟಿಲಿನ್ ಸೆಟ್ ಎರಡೂ ಅವ. ಬೆವರಿದಾಗ ಆರ್ಕ್ ಮಷಿನಿನ ಹೋಲ್ಡರ್ (ವೆಲ್ಡಿಂಗ್ ಕಡ್ಡಿ ಹಿಡಿಯೋ ಹಿಡಿಕಿ) ಜುಮ್ ಅಂತದ. ಯಾಕ್ರಿ?

ಉತ್ತರ (ಶಹಾಬಾದ್): ಮೊದ್ಲು ಮೇನ್ ಬಂದ್ ಮಾಡ್ರಿ. ಮಷಿನ್ ಚಾಲೂ ಇದ್ದು ಆರ್ಕ್ (ಕಡ್ಡಿ ತುದಿಯ ಕಿಡಿ) ಇಲ್ಲದಾಗ ಹೋಲ್ಡರಿನಾಗ ಸುಮಾರು 60ರಿಂದ 80 ವೋಲ್ಟ್ ಇರ್ತದ. ಒಣ ಚರ್ಮ ತಡೀತದ, ಬೆವರಿದ್ದು ತಡಿಯಂಗಿಲ್ಲ. ತೊಗಲಿನ ಕೈಗವಸು ಎರಡು ಜೋಡಿ ಇಟ್ಕೊಂಡು ಒದ್ದಿ ಆದ ಕೂಡ್ಲೆ ಬದಲಿಸ್ರಿ. ಒಡೆದ ಹೋಲ್ಡರಿಗೆ ಟೇಪ್ ಸುತ್ತಬ್ಯಾಡ್ರಿ, ಹೊಸದು ಹಾಕ್ರಿ. ಮಷಿನ್ ಬಾಡಿಗೆ ಬ್ಯಾರೆ ಅರ್ಥಿಂಗ್ ಬೇಕೇ ಬೇಕು. ವರ್ಕ್ ಕ್ಲಾಂಪ್ (ವೆಲ್ಡ್ ಮಾಡೋ ಕಬ್ಬಿಣಕ್ಕ ಹಚ್ಚೋ ಕ್ಲಿಪ್) ಅದರ ಬದಲಿ ಅಲ್ಲ.

ಉತ್ತರ (ಬೀದರ್): ಗ್ಯಾಸ್ ಸೆಟ್ಟಿನ ಬಗ್ಗೆನೂ ಕೇಳ್ರಿ. ಅಸಿಟಿಲಿನ್ ಸಿಲಿಂಡರ್ ಮಲಗಿಸಿದ್ರ ಒಳಗಿನ ಅಸಿಟೋನ್ (ಗ್ಯಾಸ್ ಕರಗಿರೋ ದ್ರವ) ಪೈಪಿಗೆ ಬರ್ತದ. ಅಸಿಟಿಲಿನ್ ರೆಗ್ಯುಲೇಟರಿನಾಗ ಒತ್ತಡ 1 ಕೆಜಿ (ಚದರ ಸೆಂ.ಮೀ.ಗೆ) ದಾಟಬಾರದು. ಒತ್ತಡ ಹೆಚ್ಚಾದ್ರ ಗಾಳಿ ಇಲ್ಲದನೂ ಸಿಡೀತದ. ಆಕ್ಸಿಜನ್ ಕಡೆ ಎಣ್ಣಿ, ಗ್ರೀಸ್ ಮುಟ್ಟಿಸಬ್ಯಾಡ್ರಿ.

ಉತ್ತರ (ಯಾದಗಿರಿ): ಎರಡೂ ಪೈಪಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಪೈಪಿನಾಗ ಹಿಂದಕ್ಕ ಹೋಗದಂಗ ತಡಿಯೋ ಸಾಧನ) ಅವ ಏನ್ರಿ? ಇಲ್ಲಂದ್ರ ಟಾರ್ಚ್ ಹಚ್ಚಬ್ಯಾಡ್ರಿ.