ಅಪ್‌ಡೇಟ್: ನೀರಿನ ಭಯಕ್ಕೆ ಕೊನೆಗೂ ಕೆಲಸ ಮಾಡಿದ್ದು ಗುಳ್ಳೆ ಬಿಡುವ ಅಭ್ಯಾಸ

ಮುಖ ನೀರಿಗಿಟ್ಟ ತಕ್ಷಣ ಉಸಿರು ಕಟ್ಟಿ ಗಾಬರಿಯಾಗುತ್ತೆ, ಈಜು ಕಲಿಯೋದು ಹೇಗೆ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಈಗ ಭಯ ಬಹುಪಾಲು ಇಳಿದಿದೆ.

ಫಲ ಕೊಟ್ಟಿದ್ದು ಗುಳ್ಳೆ ಬಿಡುವ ಸಲಹೆ: ಎದೆಮಟ್ಟದ ನೀರಲ್ಲಿ ಗೋಡೆ ಹಿಡಿದು, ಬಾಯಲ್ಲಿ ಉಸಿರೆಳೆದು, ಮುಖ ಮುಳುಗಿಸಿ ಮೂಗಿನಿಂದ ನಿಧಾನವಾಗಿ ಬಿಡೋದು, ದಿನಕ್ಕೆ 20 ಸಲ. ಆ ಚಡಪಡಿಕೆಗೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲವಂತೆ! ಉಸಿರು ಬಿಗಿಹಿಡಿದಾಗ ಒಳಗೆ ಸೇರುವ ಇಂಗಾಲದ ಡೈಆಕ್ಸೈಡ್.

ಆಮೇಲೆ ತೇಲೋದು. ಅದಕ್ಕಿಂತ ಮುಖ್ಯ, ತೇಲುತ್ತಿರುವಾಗ ಎದ್ದು ನಿಲ್ಲೋದು: ಮೊಣಕಾಲು ಎದೆಗೆಳೆದು, ಕೈಯಿಂದ ನೀರು ಕೆಳಗೊತ್ತಿ, ತಲೆ ಎತ್ತಿ ಪಾದ ಊರಬೇಕು. ನಿಜವಾದ ಧೈರ್ಯ ಬಂದಿದ್ದು ಇದರಿಂದಲೇ.

"ಒಮ್ಮೆಲೇ ಆಳಕ್ಕೆ ಹಾರಿಬಿಡಿ" ಅನ್ನೋ ಸಲಹೆಯಿಂದ ಭಯ ಹೆಚ್ಚಾಯ್ತು. ಗಾಳಿ ತುಂಬಿದ ಟ್ಯೂಬ್ ಕೂಡ ಬೇಡ, ಅದರಲ್ಲಿ ಮೈ ನೀರಿನ ಮೇಲೆ ಮಲಗದೆ ನೆಟ್ಟಗೆ ನಿಂತುಬಿಡುತ್ತೆ. ಅಭ್ಯಾಸಕ್ಕೆ ಲೈಫ್‌ಗಾರ್ಡ್ ಇರುವ ಹೊತ್ತಲ್ಲೇ ಇಳಿಯಿರಿ.