‘ಮಾದರಿ ಒಡೆಯಿತು’: ಯಾವ ಮಾದರಿ, ಎಷ್ಟು ಒಡೆಯಿತು?

ಗೆಳೆಯರೇ,

ಲ್ಯಾಮಿನೇಟೆಡ್ ಗಾಜಿಗೆ ಪೆಟ್ಟು ಬಿದ್ದಾಗ ಏನಾಗುತ್ತದೆ ಎಂಬ ಬರಹವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಪದೇ ಪದೇ ಬರುವ ಸಾಲು ‘ಮಾದರಿ ಒಡೆಯಿತು’. ಇರುವುದು ಎರಡೇ ಪದ, ಎರಡೂ ತೊಡಕಿನವೇ.

ಪರೀಕ್ಷೆಗೆ ಕತ್ತರಿಸಿಟ್ಟ ಗಾಜೂ ಮಾದರಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಟ್ಟಿದ್ದೂ ಮಾದರಿ. ಬೇರೆ ಕಡೆ ಸಂದರ್ಭ ನೋಡಿ ತಿಳಿದುಕೊಳ್ಳಬಹುದು. ಇಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದೇ ಕೆಲಸ. ‘ಮಾದರಿಯ ಬಿರುಕು ಮಾದರಿಯಲ್ಲಿ ಕಾಣಲಿಲ್ಲ’ ಅಂದರೆ ಓದುವವರ ಗತಿ? ಗಾಜಿಗೆ ಸ್ಯಾಂಪಲ್, ಲೆಕ್ಕಕ್ಕೆ ಮಾಡೆಲ್ ಅಂತ ಬರೆದು ಮುಂದೆ ಹೋಗೋಣ ಅಂತ ನನ್ನ ಮತ.

‘ಒಡೆ’ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎರಡು ಗಾಜಿನ ಹಾಳೆ, ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ, ಎಷ್ಟೋ ಸಲ ಬರೀ 0.76 ಮಿ.ಮೀ. ದಪ್ಪದ್ದು. ಪೆಟ್ಟು ಬಿದ್ದರೆ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ. ಚೂರುಗಳು ಮಾತ್ರ ಹೆಚ್ಚಿನಂಶ ಪದರಕ್ಕೆ ಅಂಟಿಕೊಂಡೇ ಇರುತ್ತವೆ, ಪದರ ಹಿಗ್ಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಯುರೋಪಿನ ಇಎನ್ 356 ಎಂಬ ಮಾನದಂಡದ ಪರೀಕ್ಷೆಯಲ್ಲಿ 4.11 ಕೆ.ಜಿ. ತೂಕದ ಉಕ್ಕಿನ ಗುಂಡನ್ನು ಮೇಲಿನಿಂದ ಬೀಳಿಸುತ್ತಾರೆ. ದರ್ಜೆಗೆ ತಕ್ಕಂತೆ ಎತ್ತರ 1.5 ಮೀಟರಿನಿಂದ 9 ಮೀಟರಿನವರೆಗೆ. ನೋಡುವುದು ಗುಂಡು ಆಚೆ ದಾಟಿತೇ ಎಂಬುದನ್ನು. ಗಾಜೆಲ್ಲ ಒಡೆದು ಹೋಗಿದ್ದರೂ ಪಾಸಾಗಬಹುದು! ಹಾಗಿರುವಾಗ ‘ಒಡೆಯಿತು’ ಅಂತ ಬರೆದರೆ ಗೆದ್ದಿತೋ ಸೋತಿತೋ ತಿಳಿಯುವುದಿಲ್ಲ, ಅಲ್ವಾ?

ಸದ್ಯಕ್ಕೆ ಹೀಗೆ ಹಂಚಿದ್ದೇನೆ: ಗಾಜು ಬಿರಿಯಿತು, ಪದರ ಹರಿಯಿತು, ಗುಂಡು ತೂರಿಹೋಯಿತು. ಗಾಜು ಪದರದಿಂದ ಬಿಟ್ಟುಕೊಂಡರೆ ‘ಅಂಟು ಬಿಟ್ಟಿತು’. ಆದರೆ ‘ಹರಿ’ ಬಗ್ಗೆ ಅನುಮಾನವಿದೆ. ಪಿವಿಬಿ ಪೆಟ್ಟು ಜೋರಾದಷ್ಟೂ ಬಿಗಿಯಾಗುವ, ಹೊರೆ ಬಹಳ ಹೊತ್ತು ನಿಂತರೆ ಮೆಲ್ಲಗೆ ಜರುಗುವ ವಸ್ತು. ‘ಪದರ ಹರಿಯಿತು’ ಅಂದರೆ ಕೆಲವರು ಅದು ನೀರಿನ ಹಾಗೆ ಹರಿಯಿತು ಅಂತಲೇ ತಿಳಿದಾರು. ‘ಸೀಳಿತು’ ಸರಿ ಹೋದೀತೇ? ನನ್ನ ಕಿವಿಗೆ ಸೀಳು ಅಂದರೆ ಕಟ್ಟಿಗೆಯದ್ದು, ಉದ್ದಕ್ಕೆ ಆಗುವಂಥದ್ದು.

ಇನ್ನೊಂದು. ಮಾಡೆಲಿನಲ್ಲಿ ಗಾಜನ್ನು ಸಣ್ಣ ಸಣ್ಣ ಎಲಿಮೆಂಟುಗಳಾಗಿ ಹಂಚಿ, ತಾಳಿಕೆಯ ಮಿತಿ ಮೀರಿದ ಎಲಿಮೆಂಟನ್ನು ಲೆಕ್ಕದಿಂದ ಅಳಿಸಿಬಿಡುವ ರೂಢಿಯುಂಟು. ಮೂಲ ಲೇಖಕರು ಇದನ್ನು ‘ತುಣುಕು ಅಳಿಸುವುದು’ ಅಂದಿದ್ದಾರೆ. ನಿಜವಾದ ಗಾಜಿನ ತುಣುಕು ಎಲ್ಲೂ ಹೋಗಿರುವುದಿಲ್ಲ, ಪದರದ ಮೇಲೇ ಇರುತ್ತದೆ. ಒಂದನ್ನೊಂದು ಒತ್ತಿಕೊಂಡು ಸ್ವಲ್ಪ ಭಾರವನ್ನೂ ಹೊರುತ್ತದೆ. ಹಾಗಾಗಿ ಅಳಿಸಿದ್ದು ಜಾಸ್ತಿಯಾದರೆ ಮಾಡೆಲಿನ ಗಾಜು ನಿಜಕ್ಕಿಂತ ಹಗುರ, ಮೆದು ಆಗಿಬಿಡುತ್ತದೆ. ಇದನ್ನು ವಿವರಿಸುವ ಪ್ಯಾರಾದಲ್ಲೇ ಎರಡಕ್ಕೂ ‘ತುಣುಕು’! ಒಡೆದದ್ದಕ್ಕೆ ‘ಚೂರು’ ಇಡುತ್ತೇನೆ. ಎಲಿಮೆಂಟಿಗೆ ‘ಕಣ್ಣಿ’, ‘ಚೌಕ’ ಯಾವುದಾದರೂ ಬಳಕೆಯಲ್ಲಿದೆಯೇ, ಇಲ್ಲ ಎಲಿಮೆಂಟ್ ಅಂತಲೇ ಬಿಡಲೇ?